ಹಿಡಿತ ಬಿಡಲೂ ಶಕ್ತಿ ಬೇಕು

ಪ್ರಿಯ ಓದುಗರೇ,

ಸ್ನಾಯು ಬಿಗಿಯಾಗಲು ಎಟಿಪಿ ಎಂಬ ಇಂಧನ ಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮ್ಮ ಅಜ್ಜ ತೀರಿಕೊಂಡಾಗ ಮನೆಯ ಹಿರಿಯರು ಬೇಗಬೇಗ ಕೈಕಾಲು ನೇರ ಮಾಡಿ, ಗದ್ದಕ್ಕೆ ಬಟ್ಟೆ ಕಟ್ಟಿದರಂತೆ. ‘ತಡ ಮಾಡಿದ್ರೆ ಸೆಟೆದುಕೊಳ್ಳುತ್ತೆ’ ಅಂದರಂತೆ. ಪ್ರಾಣವೇ ಹೋದ ಮೇಲೆ ಬಿಗಿಯಾಗುವ ಶಕ್ತಿ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ. ಸ್ನಾಯುವಿನ ಇಡೀ ಗುಟ್ಟು ಇದರಲ್ಲೇ ಇದೆ.

ತೋಳಿನ ಸ್ನಾಯುವನ್ನು ಬಿಡಿಸುತ್ತಾ ಹೋದರೆ ಎಳೆಗಳ ಕಟ್ಟುಗಳು ಸಿಗುತ್ತವೆ. ಕೂದಲಿನಷ್ಟು ಸಪೂರವಾದ ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಅದರೊಳಗೆ ಇನ್ನೂ ನವಿರಾದ ತಂತುಗಳು. ಈ ತಂತುಗಳ ಉದ್ದಕ್ಕೂ ಸಾರ್ಕೊಮಿಯರ್ ಎಂಬ ಪುಟ್ಟ ಘಟಕಗಳು ಸಾಲಾಗಿ ಕೂತಿವೆ. ಒಂದು ಮಿಲಿಮೀಟರ್ ಉದ್ದದಲ್ಲೇ ಸುಮಾರು 400 ಇರುತ್ತವೆ. ಪ್ರತಿಯೊಂದರಲ್ಲೂ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆ, ಆಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆ.

ಸ್ನಾಯು ಕುಗ್ಗುವಾಗ ಈ ದಪ್ಪ, ತೆಳು ಎಳೆಗಳು ತಾವು ಕುಗ್ಗುವುದಿಲ್ಲ. ಒಂದರ ಪಕ್ಕ ಇನ್ನೊಂದು ಜಾರುತ್ತದೆ, ಅಷ್ಟೇ. 1954ರಲ್ಲಿ ಎರಡು ತಂಡಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ಹೇಳಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. (ಇಬ್ಬರು ಹಕ್ಸ್‌ಲಿಗಳೂ ನೆಂಟರಲ್ಲ.) ಸೂಕ್ಷ್ಮದರ್ಶಕದಲ್ಲಿ ಸ್ನಾಯುವಿನ ಮೇಲೆ ಕಾಣುವ ಕಪ್ಪು ಪಟ್ಟೆಯ ಅಗಲ ಹಾಗೇ ಉಳಿದಿತ್ತು, ಬಿಳಿ ಪಟ್ಟೆ ಮಾತ್ರ ಕಿರಿದಾಗಿತ್ತು. ಅಷ್ಟು ಸಣ್ಣ ಸುಳಿವಿನಿಂದ ಒಳಗಿನ ಜಾರಾಟವನ್ನು ಅವರು ಕಂಡುಕೊಂಡ ರೀತಿ ನನಗೆ ಇವತ್ತಿಗೂ ಬೆರಗು.

ಜಾರಿಸುವುದು ಮಯೋಸಿನ್‌ನ ಪುಟ್ಟ ತಲೆಗಳು. ಬಾವಿಯಿಂದ ನೀರು ಸೇದುವಾಗ ಹಗ್ಗ ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತೇವಲ್ಲ, ಹಾಗೆ ಅವು ಆಕ್ಟಿನ್ ಎಳೆಯನ್ನು ಎಳೆಯುತ್ತವೆ. ನರದಿಂದ ಸಂದೇಶ ಬಂದಾಗ ಜೀವಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಆಕ್ಟಿನ್ ಮೇಲೆ ತಲೆ ಹಿಡಿಯುವ ಜಾಗ ಆಗ ತೆರೆದುಕೊಳ್ಳುತ್ತದೆ. ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಹಿಡಿದ ತಲೆ ಬಿಡಬೇಕಾದರೆ ಅದಕ್ಕೆ ಹೊಸ ಎಟಿಪಿ ಬಂದು ಅಂಟಲೇಬೇಕು. ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬಲೂ ಎಟಿಪಿಯೇ ಬೇಕು. ಅಂದರೆ ಸ್ನಾಯು ಸಡಿಲವಾಗುವುದು ಸುಮ್ನೆ ಆಗುವ ಕೆಲಸ ಅಲ್ಲ.

ಸತ್ತ ಮೇಲೆ ಉಸಿರಿಲ್ಲ, ರಕ್ತ ಓಡುವುದಿಲ್ಲ. ಸ್ನಾಯುವಿನಲ್ಲಿ ಉಳಿದ ಗ್ಲೈಕೋಜನ್‌ನಿಂದ (ಕೂಡಿಟ್ಟ ಸಕ್ಕರೆಯಿಂದ) ಸ್ವಲ್ಪ ಹೊತ್ತು ಎಟಿಪಿ ತಯಾರಾಗುತ್ತದೆ. ಅದಕ್ಕೇ ದೇಹ ತಕ್ಷಣ ಸೆಟೆಯುವುದಿಲ್ಲ. ಅದೂ ಮುಗಿದಾಗ ಕ್ಯಾಲ್ಸಿಯಂ ಸೋರುತ್ತದೆ, ತಲೆಗಳು ಆಕ್ಟಿನ್ ಹಿಡಿಯುತ್ತವೆ, ಬಿಡಿಸುವವರು ಯಾರೂ ಇಲ್ಲ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಬಿಗಿತ ಶುರುವಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಮೊದಲು ಗೊತ್ತಾಗುವ ಜಾಗಗಳಲ್ಲಿ ರೆಪ್ಪೆ, ದವಡೆ ಸೇರಿವೆ. ನಿಮ್ಮ ಹಿರಿಯರು ಗದ್ದಕ್ಕೆ ಬಟ್ಟೆ ಕಟ್ಟಲು ಅವಸರ ಮಾಡಿದ್ದು ಸರಿಯಾಗೇ ಇತ್ತು. ಒಂದೆರಡು ದಿನದಲ್ಲಿ ಪ್ರೋಟೀನುಗಳೇ ಕೊಳೆಯತೊಡಗಿದಾಗ ಬಿಗಿತ ಹೋಗುತ್ತದೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳುವುದೂ ಇದೇನಾ ಅಂತಲೂ ಕೇಳಿದ್ದೀರಿ. ಅಲ್ಲ. ಅಲ್ಲಿ ಎಟಿಪಿ ಇದೆ, ಆದರೆ ನರ ನಿಲ್ಲಿಸದೆ ಸಂದೇಶ ಕಳಿಸುತ್ತಿರುತ್ತದೆ. ಮಂಡಿ ನೇರ ಮಾಡಿ, ಪಾದದ ತುದಿಯನ್ನು ನಿಮ್ಮ ಕಡೆಗೆ ನಿಧಾನವಾಗಿ ಎಳೆದು ಹಿಡಿಯಿರಿ, ಬಿಡುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರಿಗೆ ಒಮ್ಮೆ ತೋರಿಸಿ.

– ಸಂ.