ಓದುಗರ ಪ್ರಶ್ನೆ, ತಜ್ಞರ ಉತ್ತರ: ‘ಕಾವುದಾನತ’ ನಿಘಂಟಿನಲ್ಲಿ ಯಾಕೆ ಸಿಗುವುದಿಲ್ಲ?

ಹಳೆಯ ಕಾವ್ಯ ಓದಿ ಭಾಷೆ ಬೆಳೆಸಿಕೊಳ್ಳಬೇಕೆಂಬ ಆಸೆಯ ಪತ್ರಗಳು ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲ ಕಡೆಯಿಂದ ಬರುತ್ತವೆ. ಪತ್ರ ಎಷ್ಟೇ ಬರಲಿ, ಪ್ರಶ್ನೆ ಮಾತ್ರ ಐದೇ. ತಿರುಗಿ ತಿರುಗಿ ಅವೇ ಬರುವುದರಿಂದ ಈ ಸಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಷಟ್ಪದಿ ಎಂದರೇನು, ಕುಮಾರವ್ಯಾಸ ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ಹೈಸ್ಕೂಲಿನ ಪಾಠ.

ಪ್ರಶ್ನೆ: ಕುಮಾರವ್ಯಾಸ ಭಾರತವನ್ನು ಟಿಪ್ಪಣಿ ಸಹಿತ ಇರುವ ಪುಸ್ತಕದಲ್ಲಿ ಓದತೊಡಗಿದ್ದೇನೆ. ಮೊದಲ ಪದ್ಯದ ‘ಕಾವುದಾನತ’ ಎಂಬ ಪದವೇ ನಿಘಂಟಿನಲ್ಲಿ ಇಲ್ಲ. ಒಂದೊಂದು ಪದ್ಯಕ್ಕೆ ಒಂದು ಗಂಟೆ ಹೋಗುತ್ತದೆ. ತಾತ್ಪರ್ಯ ಓದಿದರೆ ಸಾಲದೇ? (ಕುಂಬಳೆಯ ಓದುಗರು)

ಸಾಲದು. ತಾತ್ಪರ್ಯದಲ್ಲಿ ಕಥೆ ಸಿಗುತ್ತದೆ, ಮಾತು ಸಿಗುವುದಿಲ್ಲ. ಕಥೆ ನಿಮಗೆ ಮೊದಲೇ ಗೊತ್ತು.

‘ಕಾವುದಾನತ’ ನಿಘಂಟಿನಲ್ಲಿ ಇಲ್ಲದಿರುವುದಕ್ಕೆ ಕಾರಣ, ಅದು ಒಂದು ಪದವೇ ಅಲ್ಲ. ಕಾವುದು + ಆನತ. ಉಕಾರ ಲೋಪವಾಗಿ ಎರಡೂ ಅಂಟಿಕೊಂಡಿವೆ. ‘ಕಾವುದು’ ಅಂದರೆ ಕಾಪಾಡಬೇಕು. ನಿಘಂಟಿನಲ್ಲಿ ‘ಕಾ’ ಅಥವಾ ‘ಕಾಯ್’ ಎಂಬ ಧಾತುವಿನಲ್ಲಿ ಹುಡುಕಿ. ‘ಆನತ’ ಅಂದರೆ ಬಾಗಿದ, ನಮಸ್ಕರಿಸಿದ. ಸಂಧಿ ಬಿಡಿಸದೆ ನಿಘಂಟಿಗೆ ಕೈಹಾಕಿದವರು ಇಲ್ಲಿ ‘ಕಾವು’ ಮತ್ತು ‘ದಾನ’ ಎಂದು ಒಡೆದು, ಬಿಸಿಗೂ ದಾನಕ್ಕೂ ಏನು ಸಂಬಂಧ ಎಂದು ತಲೆಕೆಡಿಸಿಕೊಳ್ಳುತ್ತಾರೆ. ನಿಮ್ಮ ಒಂದು ಗಂಟೆ ಹೋದದ್ದೂ ಹೀಗೆಯೇ ಇರಬೇಕು.

ಕ್ರಮ ಹೀಗಿರಲಿ. ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಮಾತ್ರೆಗಳ ಗಣ. ಗಣಕ್ಕೆ ಸರಿಯಾಗಿ ನಾಲಗೆ ಓಡಲಿ, ಆದರೆ ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಿಸಬೇಡಿ. ಇದೇ ಮೊದಲ ಪದ್ಯ ನೋಡಿ: ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಸಾಲು ಮುಗಿಯುತ್ತದೆ, ಮುಂದಿನದು ‘ಜೀವ ಪೀಠನ ಪಿತನೆ ಜಗಕತಿ’ ಎಂದು ಶುರುವಾಗುತ್ತದೆ. 14 ಮಾತ್ರೆ ತುಂಬಿದಲ್ಲಿ ಸಾಲು ಕಡಿಯುತ್ತದೆ, ಪದ ಮುಗಿದಿದೆಯೇ ಎಂದು ನೋಡುವುದಿಲ್ಲ. ಅಲ್ಲಿ ನಿಂತರೆ ‘ಜೀವ’ ಎಂಬ ಇಲ್ಲದ ಪದವೊಂದು ಹುಟ್ಟಿಕೊಳ್ಳುತ್ತದೆ. ಇರುವುದು ‘ರಾಜೀವ’, ತಾವರೆ. ‘ಜಗಕತಿ’ಯೂ ಹಾಗೆಯೇ: ಜಗಕೆ + ಅತಿಪಾವನನೆ. ಕೊನೆಯಲ್ಲಿ ಬರುವ ‘ವೀರನಾರಯಣ’ ಅಚ್ಚಿನ ತಪ್ಪಲ್ಲ. ‘ನಾರಾಯಣ’ ಎಂದು ದೀರ್ಘ ಹಾಕಿದರೆ ಒಂದು ಮಾತ್ರೆ ಹೆಚ್ಚಾಗುತ್ತದೆ.

ಎರಡನೆಯದು, ಪೆನ್ಸಿಲಿನಿಂದ ಪದಗಳ ನಡುವೆ ಸಣ್ಣ ಗೆರೆ ಎಳೆಯಿರಿ. ಪೆನ್ನು ಬೇಡ, ಮೊದಲ ತಿಂಗಳು ಗೆರೆಗಳಲ್ಲಿ ಅರ್ಧದಷ್ಟು ತಪ್ಪಿದರೂ ಆಶ್ಚರ್ಯವಿಲ್ಲ. ಮೂರನೆಯದು, ಕ್ರಿಯಾಪದ ಎಲ್ಲಿದೆ ಎಂದು ಹುಡುಕಿ. ಈ ಪದ್ಯದಲ್ಲಿ ಅದು ಆರನೆಯ ಸಾಲಿನಲ್ಲಿರುವ ‘ಕಾವುದು’ ಒಂದೇ. ಮೇಲಿನದೆಲ್ಲ ಸಂಬೋಧನೆ. ಇಷ್ಟು ಕಂಡರೆ ಪದ್ಯದ ಬೆನ್ನೆಲುಬು ಸಿಕ್ಕಿತು: ವೀರನಾರಾಯಣನೇ, ನಮಿಸಿದ ಜನರನ್ನು ಕಾಪಾಡು.

ಇಷ್ಟಾದ ಮೇಲೆ ಮಾತ್ರ ಟಿಪ್ಪಣಿ. ಅದರಲ್ಲಿ ಪದದ ಅರ್ಥ ನೋಡಿ ಪುಟ ಮಗುಚಬೇಡಿ. ‘ರಾಜೀವಪೀಠ’ ಎಂದರೆ ತಾವರೆಯ ಆಸನ ಎಂದು ಯಾವ ನಿಘಂಟೂ ಹೇಳೀತು. ಅದರಲ್ಲಿ ಕುಳಿತವನು ಬ್ರಹ್ಮ, ಆ ತಾವರೆ ಹುಟ್ಟಿದ್ದು ವಿಷ್ಣುವಿನ ನಾಭಿಯಲ್ಲಿ, ಆದ್ದರಿಂದ ವಿಷ್ಣು ಅವನ ‘ಪಿತ’: ಈ ಸರಪಳಿ ಗೊತ್ತಿಲ್ಲದಿದ್ದರೆ ಮೂರು ಪದಗಳ ಅರ್ಥ ಬಂದರೂ ಸಾಲು ಬರುವುದಿಲ್ಲ. ‘ಸನಕಾದಿ’ಯಲ್ಲಿ ‘ಆದಿ’ ಯಾರು ಯಾರು? ಸನಂದನ, ಸನಾತನ, ಸನತ್ಕುಮಾರ. ಪುರಾಣ ಗೊತ್ತಿಲ್ಲದವರಿಗೆ ಪದ ದಕ್ಕುವುದಿಲ್ಲ, ಪದ ಬಿಡಿಸಲು ಬಾರದವರಿಗೆ ಪುರಾಣ ದಕ್ಕುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡುತ್ತದೆ ಎಂದೇ ಟಿಪ್ಪಣಿ ಇರುವ ಪುಸ್ತಕಕ್ಕೆ ನಾನು ಇಷ್ಟು ಒತ್ತು ಕೊಡುವುದು. ಕೊನೆಗೆ ತಾತ್ಪರ್ಯ ಓದಿ, ನೀವು ಮಾಡಿಕೊಂಡ ಅರ್ಥಕ್ಕೆ ತಾಳೆ ನೋಡಿ. ಪುಟದ ಅಡಿಯ ಪಾಠಾಂತರಗಳನ್ನು (ಬೇರೆ ಹಸ್ತಪ್ರತಿಗಳಲ್ಲಿ ಕಾಣುವ ರೂಪಗಳನ್ನು) ಮೊದಲ ಓದಿನಲ್ಲಿ ಬಿಟ್ಟುಬಿಡಿ. ಎಷ್ಟು ತಿಣುಕಿದರೂ ಅರ್ಥ ಕೂಡದ ಕಡೆ ಮಾತ್ರ ಇಳಿದು ನೋಡಿ.

ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದರಲ್ಲಿ ಪದ: ಸಂಧಿ ಬಿಡಿಸಿದ ರೂಪ, ಧಾತು, ಅರ್ಥ, ಅದು ಬಂದ ಇಡೀ ಸಾಲು. ಸಾಲು ಬರೆಯದ ಪದ ಹದಿನೈದು ದಿನಕ್ಕೆ ಮರೆತುಹೋಗುತ್ತದೆ. ಪದ್ಯಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬರೆಯಬೇಡಿ. ಇನ್ನೊಂದರಲ್ಲಿ ಹೆಸರು. ಕಿರೀಟಿ, ಪಾರ್ಥ, ಫಲುಗುಣ, ಧನಂಜಯ, ಸವ್ಯಸಾಚಿ ಎಲ್ಲ ಅರ್ಜುನನೇ. ಇನಸುತ ಕರ್ಣ, ಅನಿಲಸುತ ಭೀಮ. ‘ಇನ’ ಎಂದರೆ ಸೂರ್ಯ, ‘ಅನಿಲ’ ಎಂದರೆ ಗಾಳಿ ಎಂದು ಅಲ್ಲೇ ಪಕ್ಕದಲ್ಲಿ ಬರೆದರೆ ಹೆಸರಿನ ಜೊತೆಗೆ ಪದವೂ ಉಳಿಯುತ್ತದೆ.

ದಿನಕ್ಕೆ ಮೂರು ಪದ್ಯ, ಮುಕ್ಕಾಲು ಗಂಟೆ ಸಾಕು. ಅವನ್ನೇ ಮೂರನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ಟಿಪ್ಪಣಿ ಮುಚ್ಚಿ ಓದಿ. ಇನ್ನೊಂದು ಮಾತು: ಮೊದಲ ಪುಟದಿಂದಲೇ ಹೊರಡಬೇಕೆಂಬ ಹರಕೆ ಏನೂ ಇಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನ ಜನ್ಮರಹಸ್ಯ ಹೇಳುವ ಭಾಗದಿಂದ ತೊಡಗಿ. ‘ಕರ್ಣಭೇದನ’ ತಾಳಮದ್ದಳೆ (ಯಕ್ಷಗಾನದ ಹಾಡುಗಳಿಗೆ ವೇಷವಿಲ್ಲದೆ ಕುಳಿತು ಅರ್ಥ ಹೇಳುವ ಕೂಟ) ಕೇಳಿದ ಊರಿನವರಿಗೆ ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆಂಬ ಗೊಂದಲ ಇರುವುದಿಲ್ಲ, ಗಮನವೆಲ್ಲ ಮಾತಿನ ಮೇಲೆ ನಿಲ್ಲುತ್ತದೆ. ಆ ಪರ್ವದ ಹೆಸರಿನಲ್ಲಿರುವ ‘ಉದ್ಯೋಗ’ ನೌಕರಿ ಅಲ್ಲ, ಪ್ರಯತ್ನ, ಸನ್ನಾಹ.

ಪ್ರಶ್ನೆ: ಸುತ್ತಮುತ್ತ ಮಲಯಾಳ. ಮಕ್ಕಳ ಕನ್ನಡ ಕೆಡುತ್ತದೆ, ಹಳೆಗನ್ನಡ ಅವರಿಗೆ ಎಟುಕೀತೇ? (ಬದಿಯಡ್ಕ)

ಈ ಅಳುಕಿಗೆ ಕಾರಣ ಇದೆ, ಒಪ್ಪುತ್ತೇನೆ. ಆದರೆ ಹಳೆಗನ್ನಡದ ವಿಷಯದಲ್ಲಿ ಮಾತು ತಿರುಗಾಮುರುಗಾ ಆಗಿದೆ. ಹೊಸಗನ್ನಡ ಕಳೆದುಕೊಂಡ ‘ೞ’ ನಿಮ್ಮ ಮಕ್ಕಳ ಕಿವಿಗೆ ದಿನಾ ಬೀಳುತ್ತದೆ. ಹಳೆಗನ್ನಡದ ಮೞೆ, ಕೋೞಿ, ಏೞು, ಬಾೞೆ ಇವುಗಳನ್ನು ಮಲಯಾಳದ ಮೞ, ಕೋೞಿ, ಏೞ್, ವಾೞ ಜೊತೆ ಇಟ್ಟು ನೋಡಿ. ‘ಅರಿ’ ಎಂದರೆ ಶತ್ರು, ‘ಅಱಿ’ ಎಂದರೆ ತಿಳಿ. ಹೊಸಗನ್ನಡದಲ್ಲಿ ಎರಡೂ ಒಂದೇ ಆಗಿವೆ, ಮಲಯಾಳದ ‘ಅಱಿಯುಕ’ದಲ್ಲಿ ಆ ಱ ಇನ್ನೂ ಇದೆ. ಹಾಲು ಹಳೆಗನ್ನಡದಲ್ಲಿ ‘ಪಾಲ್’, ಹುಲಿ ‘ಪುಲಿ’, ಮಲಯಾಳದಲ್ಲೂ ಅವೇ. ಬೆಂಗಳೂರಿನ ಮಗು ಉರುಹಚ್ಚಬೇಕಾದದ್ದು ಇಲ್ಲಿಯ ಮಗುವಿಗೆ ಅಂಗಡಿಯಲ್ಲೇ ಸಿಗುತ್ತದೆ.

ಎಚ್ಚರ ಬೇಕಾದದ್ದು ಸಂಸ್ಕೃತದಿಂದ ಬಂದ ಪದಗಳಲ್ಲಿ. ಮಲಯಾಳದ ‘ಸಂಸಾರಂ’ ಮಾತುಕತೆ, ನಮ್ಮ ‘ಸಂಸಾರ’ ಬೇರೆ. ‘ಅವಸರ’ ಇನ್ನೂ ಸೂಕ್ಷ್ಮ: ಇಂದಿನ ಕನ್ನಡದಲ್ಲಿ ಗಡಿಬಿಡಿ, ಮಲಯಾಳದಲ್ಲಿ ಅವಕಾಶ, ಹಳೆಯ ಕಾವ್ಯದಲ್ಲಿ ಸಮಯ, ಸಂದರ್ಭ. ಇಲ್ಲಿ ಕಾವ್ಯಕ್ಕೆ ಹತ್ತಿರ ಇರುವುದು ಮಲಯಾಳವೇ.

ಪ್ರಶ್ನೆ: ಯಾವ ನಿಘಂಟು ಕೊಳ್ಳಲಿ?

ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಮನೆಯಲ್ಲಿರಲಿ. ಕಾವ್ಯದ ಪ್ರಯೋಗಗಳ ಸಹಿತ ಇರುವ ಪರಿಷತ್ತಿನ ದೊಡ್ಡ ನಿಘಂಟಿನ 8 ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡಿ. ಇಂಗ್ಲಿಷ್ ಬರುವವರಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು. ಅದರಲ್ಲಿ ತುಳು, ಮಲಯಾಳ, ತಮಿಳಿನ ಸಂಬಂಧಿ ಪದಗಳೂ ಇವೆ. ಪುರಾಣದ ಹೆಸರುಗಳಿಗೆ ‘ಪುರಾಣನಾಮ ಚೂಡಾಮಣಿ’. ಹ-ಕಾರದಲ್ಲಿ ಸಿಗದ್ದನ್ನು ಪ-ಕಾರದಲ್ಲಿ ಹುಡುಕಿ, ಸಮಾಸದ ನಡುವಿನ ಗ, ದ, ಬ ಗಳನ್ನು ಕ, ತ, ಪ ಮಾಡಿ ನೋಡಿ. ‘ಕಂಬನಿ’ ಕಣ್ + ಪನಿ, ಕಣ್ಣಿನ ಹನಿ.

ಪ್ರಶ್ನೆ: ‘30 ದಿನದಲ್ಲಿ ಹಳೆಗನ್ನಡ’, ‘ದಿನಕ್ಕೆ 20 ಪದ’ ಎಂಬ ತರಗತಿಗಳಿಗೆ ಸೇರಬಹುದೇ?

ಬೇಡ. 30 ದಿನದಲ್ಲಿ ವಿಭಕ್ತಿ ಪ್ರತ್ಯಯಗಳೇ ಕೈಗೆ ಹತ್ತುವುದಿಲ್ಲ. ಸಾಲಿನಿಂದ ಕಿತ್ತು ತಂದ ಪದಗಳ ಪಟ್ಟಿಗೆ ಹಣ ಕೇಳುವವರು ಕಲಿಯುವ ಆಸೆಯನ್ನೇ ಕೊಲ್ಲುತ್ತಾರೆ. ಅದೇ ದುಡ್ಡಿಗೆ ಟಿಪ್ಪಣಿ ಇರುವ ಒಂದು ಒಳ್ಳೆಯ ಕಾವ್ಯ ಬರುತ್ತದೆ.

ಪ್ರಶ್ನೆ: ತಾಳಮದ್ದಳೆ ಕೇಳಿದರೆ ಪದಸಂಪತ್ತು ತಾನಾಗಿ ಬರುವುದಿಲ್ಲವೇ? (ಪೆರ್ಲ)

ತಾನಾಗಿ ಬರುವುದಿಲ್ಲ. ಪ್ರಸಂಗದ ಪುಸ್ತಕ ಕೈಯಲ್ಲಿರಲಿ, ಭಾಗವತರು ಹಾಡು ಎತ್ತಿದಾಗ ಬೆರಳು ಅದೇ ಸಾಲಿನ ಮೇಲಿರಲಿ. ಅರ್ಥಧಾರಿ (ಪಾತ್ರದ ಮಾತು ಆಡುವವರು) ಆ ಹಾಡಿನ ಯಾವ ಮಾತನ್ನು ಹಿಡಿದು ಬೆಳೆಸಿದರು ಎಂದು ಅಂಚಿನಲ್ಲಿ ಗುರುತು ಹಾಕಿ. ಮರುದಿನ ಬೆಳಗ್ಗೆ ಆ ಗುರುತುಗಳನ್ನಷ್ಟೇ ನಿಘಂಟಿನಲ್ಲಿ ನೋಡಿ.