ಜರ್ಮನ್ ಉಚ್ಚಾರ: ಕನ್ನಡದಲ್ಲಿ ಬರ್ಕೊಂಡು ಬಾಯಿಪಾಠ ಮಾಡೋರಿಗೆ

ತಮ್ಮಾ, ನಿನ್ ನೋಟ್ಸ್ ಫೋಟೋ ನೋಡ್ದೆ. "ನಾನು" (ich) ಅನ್ನೋದಕ್ಕೆ "ಇಶ್", ರಾತ್ರಿಗೆ (Nacht) "ನಕ್ಟ್", ಟೈಮ್‌ಗೆ (Zeit) "ಜೈಟ್" ಅಂತ ಬರ್ಕೊಂಡು ಉರು ಹೊಡೀತಿದ್ದೀಯ. ನಾನೂ ಎ1ಗೆ (ಮೊದಲ್ನೇ ಲೆವೆಲ್) ಹಿಂಗೇ ಮಾಡಿದ್ದು, ಬಿಡಿಸ್ಕೊಳ್ಳೋಕೆ ಬಿ1 (ಮೂರನೇ ಲೆವೆಲ್) ಬರ್ಬೇಕಾಯ್ತು. ಆ ಪೇಜ್ ಹರಿದಾಕು. ನಕ್ಟ್ ಅಂದ್ರೆ ಬೆತ್ತಲೆ ಮಾರಾಯ, ಗುಡ್ ನೈಟ್ ಹೇಳೋಕೆ ಹೋಗಿ ಏನ್ ಹೇಳ್ತಿದ್ದೀಯ ನೋಡು. ಚರ್ಚ್ (Kirche) ಅನ್ನೋಕೆ ಹೋಗಿ "ಕಿರ್ಶೆ" ಅಂದ್ರೆ ಚೆರ್ರಿ ಹಣ್ಣು. ಕಲೋನ್ ಕಡೆ ಇಶ್ ಅಂತಾರಲ್ಲ ಅಂತ ವಾದ ಬೇಡ, ಅದು ಅವ್ರ ಊರ ಮಾತು.

ಇಶ್, ನಕ್ಟ್, ಕಿರ್ಶೆ ಎಲ್ಲದ್ರಲ್ಲೂ ಎಡವಟ್ಟಾಗಿರೋದು ಸಿಎಚ್ (ch) ಅನ್ನೋ ಜೋಡಿ ಅಕ್ಷರ, ಅದಕ್ಕೆ ನನ್ ಮದ್ದು ಇದು. "ಈ..." ಅಂತ ಉದ್ದಕ್ಕೆ ಎಳಿ, ನಾಲಿಗೆ ಅಲ್ಲೇ ಇರ್ಲಿ, ತುಟಿ ಅಗಲವಾಗೇ ಇರ್ಲಿ, ಈಗ ದನಿ ಮಾತ್ರ ನಿಲ್ಸಿ ಉಸಿರನ್ನ ಜೋರಾಗಿ ಬಿಡು. ಗಂಟಲ ಮೇಲೆ ಬೆರಳಿಟ್ರೆ ಅದುರಬಾರ್ದು. ಕನ್ನಡಿ ಮುಂದೆನೇ ಮಾಡು, ತುಟಿ ಸ್ವಲ್ಪ ಮುಂದೆ ಚಾಚಿದ್ರೂ ಶ ಆಗೋಗುತ್ತೆ. ಹುಬ್ಬಳ್ಳಿ ಕಡೆಯವ್ರಿಗೆ "ಹ್ಯಾಂಗದೀರಿ" ಅನ್ನೋ ಹ್ಯಕಾರದಲ್ಲೇ ಅರ್ಧ ದಾರಿ ಆಗಿರುತ್ತೆ. ಆದ್ರೆ ಆ, ಒ, ಉ, ಔ ಆದ್ಮೇಲೆ ಬಂದ್ರೆ ಇದು ನಡೆಯಲ್ಲ, ಅಲ್ಲಿ ಗಂಟಲಿಂದ ಬರ್ಬೇಕು, ಉರ್ದು ಮಾತಾಡೋ ಫ್ರೆಂಡ್ ಹತ್ರ "ಖಬರ್" ಹೇಳ್ಸಿ ಕೇಳು, ನಮ್ ಮಹಾಪ್ರಾಣ ಖ ಅಲ್ಲ, ಗಾಳಿ ಎಲ್ಲೂ ನಿಲ್ಬಾರ್ದು. ಬೂಖ್ (Buch) ಅಂದ್ರೆ ಒಂದು ಪುಸ್ತಕ, ಅಲ್ಲಿ ಸಿಎಚ್ ಗಂಟಲಿಂದ. ಬಹುವಚನ (Bücher) ಮಾಡಿದ ತಕ್ಷಣ ಸ್ವರ ಬದಲಾಗಿ ಸಿಎಚ್ ಅಂಗುಳಿಗೆ ಬರುತ್ತೆ. ಇದೊಂದು ಜೋಡಿ ದಿನಾ ಹೇಳು ಸಾಕು. ಸಿಎಚ್ ಆದ್ಮೇಲೆ ಎಸ್ ಬಂದ್ರೆ ಸುಮಾರು ಕಡೆ ಕ್ಸ್ ಆಗುತ್ತೆ (ಆರು sechs, ನರಿ Fuchs), ಫ್ರೆಂಚ್‌ನಿಂದ ಬಂದ "ಶೆಫ್"ಗೆ (Chef, ಅಂದ್ರೆ ಬಾಸ್) ಈ ರೂಲ್ ಇಲ್ಲ.

ಜೆಡ್ ಅಂದ್ರೆ ತ್ಸ, ಜ ಅಲ್ಲ. ತ್ಸೈಸ್ (Zeiss) ಲೆನ್ಸ್ ನೆನಪಿಟ್ಕೋ. ಫೋಕ್ಸ್‌ವ್ಯಾಗನ್ ಶೋರೂಮ್‌ನಲ್ಲಿ ಏನಾದ್ರೂ ಅನ್ನು, ಜರ್ಮನಿಯಲ್ಲಿ ಫೋಲ್ಕ್ಸ್‌ವಾಗೆನ್, ಶುರುವಿನ ವಿ (V) ಅಲ್ಲಿ ಫ. ಹಂಗಂತ ಎಲ್ಲಾ ವಿ ಫ ಅಲ್ಲ, ನವೆಂಬರ್‌ನಲ್ಲಿ ವ ನೇ. ದಿನ (Tag) ಅನ್ನೋದು ಟಾಕ್, ಕೊನೇಲಿರೋ ಜಿ ಕ ಆಗುತ್ತೆ, ಬಹುವಚನದಲ್ಲಿ (Tage) ಟಾಗೆ. ಮತ್ತೆ ಬಸ್ಸು ಕಾರು ಅನ್ನೋ ಥರ ಕೊನೇಲಿ ಉ ಅಂಟಿಸ್ಬೇಡ, ನಮ್ಮೋರೆಲ್ಲ ಸಿಕ್ಕಿಬೀಳೋದೇ ಅಲ್ಲಿ.

ಆರ್ ಬಗ್ಗೆ ತಲೆ ಕೆಡಿಸ್ಕೋಬೇಡ, ಬವೇರಿಯಾದವ್ರೇ ನಮ್ ಥರ ನಾಲಿಗೆ ಆಡಿಸ್ತಾರೆ. ಆಪ್‌ಗಳ ಮೈಕ್ ಟೆಸ್ಟ್ ನಂಬ್ಬೇಡ, ಗೊಣಗಿದ್ರೂ ಗ್ರೀನ್ ಟಿಕ್ ಬರುತ್ತೆ. ಜರ್ಮನ್ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲದ (Deutsche Welle) ನಿಕೋಸ್ ವೇಗ್ ಅನ್ನೋ ವಿಡಿಯೋ ಕೋರ್ಸ್ ಫ್ರೀ ಇದೆ, ಒಂದೊಂದೇ ಪದ ಬೇಕಂದ್ರೆ ಡೂಡನ್ (Duden) ಡಿಕ್ಷನರಿ ಸೈಟ್‌ನಲ್ಲಿ ಆಡಿಯೋ ಕೇಳು. ಗಯಟೆ ಇನ್‌ಸ್ಟಿಟ್ಯೂಟ್‌ನ (Goethe) ಎ1 ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಸ್ಪೆಲ್ಲಿಂಗ್ ಹೇಳಿಸ್ತಾರೆ, ಅಕ್ಷರದ ಹೆಸ್ರು ಮೊದ್ಲು ಕಲಿ. ವಿಜಯ್ ಅಂದ್ರೆ ಫೌ, ಈ, ಯೊಟ್, ಆ, ಉಪ್ಸಿಲೊನ್.