ಮೋಡ ಸಾಕು, ಜನರನ್ನು ತೋರಿಸಿ

ನಮಸ್ಕಾರ.

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಸಮೂಹದ ಬಿಕಿನಿ ಹವಳ ದ್ವೀಪಗಳಲ್ಲಿ ಅಮೆರಿಕ ನಡೆಸಿದ ಅಣುಬಾಂಬ್ ಪರೀಕ್ಷೆಗಳ ಬಗ್ಗೆ ನೀವು ಕಳಿಸಿದ ‘ಬಿಕಿನಿಯ ಕಣ್ಣೀರು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಎಂದೂ ಹೇಳುತ್ತಿಲ್ಲ. ಚೆನ್ನಾಗಿ ಓದಿಕೊಂಡಿದ್ದೀರಿ, ಅದು ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಅರ್ಧಕ್ಕಿಂತ ಜಾಸ್ತಿ ಬರೀ ಅಣಬೆ ಮೋಡ. ಎಷ್ಟೆತ್ತರ ಎದ್ದಿತು, ಯಾವ ಬಣ್ಣ ಇತ್ತು, ಸೂರ್ಯ ಹೇಗೆ ನಾಚಿಕೊಂಡ. ಆ ಮೋಡವನ್ನು ನೋಡಿ ಬಣ್ಣಿಸಿದವರು ಹಡಗಿನಲ್ಲಿದ್ದ ಸೈನಿಕರು, ಪತ್ರಕರ್ತರು, ಕ್ಯಾಮೆರಾದವರು. ನೀವೂ ಅವರ ಪಕ್ಕದಲ್ಲೇ ನಿಂತುಬಿಟ್ಟಿದ್ದೀರಿ. ಬಿಕಿನಿಯ ಜನ ಅಷ್ಟು ಹೊತ್ತಿಗೆ ಅಲ್ಲಿರಲೇ ಇಲ್ಲ. ಅವರು ಎಲ್ಲಿದ್ದರು, ಏನು ತಿನ್ನುತ್ತಿದ್ದರು? ಅದನ್ನು ಬರೆಯಿರಿ.

ಅವರ ಬಗ್ಗೆ ಇರುವುದು ಒಂದೇ ಸಾಲು: ‘ಮುಗ್ಧ ದ್ವೀಪವಾಸಿಗಳನ್ನು ನಿರ್ದಯವಾಗಿ ಸ್ಥಳಾಂತರಿಸಲಾಯಿತು.’ ಮುಗ್ಧ, ನಿರ್ದಯ ಎರಡನ್ನೂ ತೆಗೆಯಿರಿ. ನಡೆದದ್ದನ್ನು ಹೇಳಿದರೆ ಸಾಕು. 1946ರ ಫೆಬ್ರುವರಿ, ಒಂದು ಭಾನುವಾರ. ಚರ್ಚಿನ ಪ್ರಾರ್ಥನೆ ಮುಗಿದಿದೆ. ಅಮೆರಿಕದ ಮಿಲಿಟರಿ ಗವರ್ನರ್ ಬೆನ್ ವ್ಯಾಟ್ ಊರಿನವರನ್ನು ಕೂರಿಸಿಕೊಂಡು, ಮನುಕುಲದ ಒಳಿತಿಗಾಗಿ ಸ್ವಲ್ಪ ಕಾಲ ದ್ವೀಪ ಬಿಟ್ಟುಕೊಡುತ್ತೀರಾ ಎಂದು ಕೇಳಿದರು. ಊರಿನ ಮುಖ್ಯಸ್ಥ ಜೂಡಾ, ಎಲ್ಲ ದೇವರ ಕೈಯಲ್ಲಿದೆ ಎಂದರು. ಆಮೇಲೆ ಇದೇ ಮಾತುಕತೆಯನ್ನು ಸಿನಿಮಾ ಕ್ಯಾಮೆರಾ ಮುಂದೆ ಮತ್ತೆ ಆಡಿಸಿದರು. ಒಂದು ಸಲ ಅಲ್ಲ, ಹಲವು ಸಲ. ಊರು ಬಿಟ್ಟು ಹೊರಡಬೇಕಾದ ಜನ ರೀಟೇಕ್‌ಗೆ ಕೂತಿದ್ದಾರೆ! ಇದರ ಪಕ್ಕ ‘ನಿರ್ದಯ’ ಅಂತ ಬೇರೆ ಬರೆಯಬೇಕಾ?

ಮಾರ್ಚಿನಲ್ಲಿ 167 ಜನರನ್ನು ರೊಂಗೆರಿಕ್ ಎಂಬ ಇನ್ನೊಂದು ಹವಳ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ತಿನ್ನಲು ಸಾಲುತ್ತಿರಲಿಲ್ಲ; ಎರಡು ವರ್ಷ ಹಸಿದರು. ಆಮೇಲೆ ಅಮೆರಿಕದ ಸೇನಾ ನೆಲೆಯಿದ್ದ ಕ್ವಾಜಲೀನ್ ದ್ವೀಪದಲ್ಲಿ ವಿಮಾನದ ರನ್‌ವೇ ಪಕ್ಕ ಡೇರೆ. 1948ರ ಕೊನೆಗೆ ಕಿಲಿ. ಈ ಕಿಲಿಯನ್ನು ನೀವು ಹೆಸರು ಹೇಳಿ ದಾಟಿಬಿಟ್ಟಿದ್ದೀರಿ. ಅದು ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಒಂಟಿ ದ್ವೀಪ. ಬಿಕಿನಿಯಲ್ಲಿ ದ್ವೀಪಗಳ ಉಂಗುರದೊಳಗೆ ಶಾಂತ ನೀರಿತ್ತು, ಯಾವಾಗ ಬೇಕಾದರೂ ದೋಣಿ ಇಳಿಸಿ ಮೀನು ಹಿಡಿಯಬಹುದಿತ್ತು. ಕಿಲಿಗೆ ಅಂಥ ನೀರೇ ಇಲ್ಲ. ವರ್ಷದಲ್ಲಿ ಎಷ್ಟೋ ತಿಂಗಳು ಅಲೆಯ ಹೊಡೆತಕ್ಕೆ ದೋಣಿ ಇಳಿಸುವುದೇ ಕಷ್ಟ. ಸುತ್ತ ಸಮುದ್ರ, ಕೈಗೆ ಮೀನಿಲ್ಲ. ಇಲ್ಲಿ ನಿಲ್ಲಿ, ಒಂದು ಪುಟವಾದರೂ ಬರೆಯಿರಿ.

ಎರಡು ತಪ್ಪು ತಿದ್ದಬೇಕು. ಪರೀಕ್ಷೆಗಳ ವಿಕಿರಣ ಕಸವನ್ನು ಮುಚ್ಚಿಟ್ಟಿರುವ ಕಾಂಕ್ರೀಟ್ ಗುಮ್ಮಟ ಬಿಕಿನಿಯಲ್ಲಿಲ್ಲ. ಅದು ಪರೀಕ್ಷೆಗಳು ನಡೆದ ಇನ್ನೊಂದು ಹವಳ ದ್ವೀಪಸಮೂಹವಾದ ಎನೆವೆಟಾಕ್‌ನ ರುನಿಟ್ ದ್ವೀಪದಲ್ಲಿದೆ. ಇನ್ನು 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ನಡೆದ ಬ್ರಾವೊ ಎಂಬ ಹೈಡ್ರೋಜನ್ ಬಾಂಬ್ ಸ್ಫೋಟವನ್ನು ಬೇಕೆಂದೇ ಅಷ್ಟು ದೊಡ್ಡದು ಮಾಡಿದರು ಎಂದಿದ್ದೀರಿ. ಇಲ್ಲ. ಬಾಂಬ್ ಮಾಡಿದ ವಿಜ್ಞಾನಿಗಳ ಲೆಕ್ಕ 6 ಮೆಗಾಟನ್ ಆಸುಪಾಸು, ಆದದ್ದು 15 (ಒಂದು ಮೆಗಾಟನ್ ಎಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸಿಡಿದಷ್ಟು ಬಲ). ಬಾಂಬಿನ ಇಂಧನದಲ್ಲಿದ್ದ ಲಿಥಿಯಂ-7 ತನ್ನ ಪಾಡಿಗೆ ಇರುತ್ತದೆ ಎಂದುಕೊಂಡಿದ್ದರು, ಅದೂ ಸ್ಫೋಟಕ್ಕೆ ಕೈಜೋಡಿಸಿತು. ಲೆಕ್ಕ ತಪ್ಪಿತ್ತು ಎಂದು ಬರೆದರೆ ಅವರ ಹೊಣೆ ಕಡಿಮೆಯಾಗುವುದಿಲ್ಲ, ಹೆದರಬೇಡಿ. ಬಿಕಿನಿಯ ಪೂರ್ವಕ್ಕಿರುವ ರೊಂಗೆಲಾಪ್ ದ್ವೀಪದ ಜನರ ಮೇಲೆ ವಿಕಿರಣ ತುಂಬಿದ ಬಿಳಿ ಬೂದಿ ಸುರಿದ ಮೇಲೂ ಅವರನ್ನು ಅಲ್ಲಿಂದ ಕರೆದೊಯ್ಯಲು ಎರಡು ದಿನ ಬೇಕಾಯಿತು. ಅದು ಲೆಕ್ಕದ ತಪ್ಪಲ್ಲ, ಅಲ್ವಾ? ಅದೇ ಬೂದಿಗೆ ಸಿಕ್ಕ ಜಪಾನಿನ ಮೀನುಗಾರರ ಭಾಗ ಚೆನ್ನಾಗಿದೆ, ಇರಲಿ.

ಈಗ ತೆಂಗಿನ ವಿಷಯಕ್ಕೆ ಬರೋಣ. ‘ಅಲ್ಲಿನ ತೆಂಗು ಇಂದಿಗೂ ವಿಷ’ ಎಂದು ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ನನ್ನನ್ನು ಕೇಳಿದರೆ ಲೇಖನದ ಜೀವ ಇರುವುದು ಇಲ್ಲೇ. 1968ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಇನ್ನು ಬಿಕಿನಿಗೆ ವಾಪಸ್ ಹೋಗಬಹುದು ಎಂದರು. ಸಾಲು ಸಾಲು ತೆಂಗು ನೆಟ್ಟರು, ಮನೆ ಕಟ್ಟಿದರು, ಕೆಲವು ಕುಟುಂಬಗಳು ಬಂದವು. 1978ರಲ್ಲಿ ಮತ್ತೆ ಎಬ್ಬಿಸಿ ಕಳಿಸಿದರು, ಏಕೆಂದರೆ ಅವರ ಮೈಯಲ್ಲಿ ಸೀಸಿಯಂ-137 ಎಂಬ ವಿಕಿರಣ ವಸ್ತು ಏರುತ್ತಿತ್ತು. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತುಂಬಾ ಕಡಿಮೆ. ಬೇರಿಗೆ ಬೇಕಾದದ್ದು ಪೊಟ್ಯಾಸಿಯಂ, ಸಿಗುವುದು ಅದರಂತೆಯೇ ವರ್ತಿಸುವ ಸೀಸಿಯಂ. ಮರ ಅದನ್ನೇ ಹೀರಿ ಕಾಯಿಗೆ ಕಳಿಸುತ್ತದೆ. ಪೊಟ್ಯಾಸಿಯಂ ಗೊಬ್ಬರ ಹಾಕಿದರೆ ಕಾಯಿಯಲ್ಲಿ ಸೀಸಿಯಂ ಇಳಿಯುತ್ತದೆ ಎಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಮರ ಹಸಿರಾಗೇ ಇರುತ್ತದೆ, ಎಳನೀರು ಸಿಹಿಯಾಗೇ ಇರುತ್ತದೆ, ಬಾಯಾರಿದವನಿಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ಬಿಟ್ಟು ಮೋಡದ ಹಿಂದೆ ಯಾಕೆ ಬಿದ್ದಿರಿ?

ಶರಾವತಿ ಮುಳುಗಡೆಯ ಪ್ಯಾರಾ ತೆಗೆಯಿರಿ. ಅದನ್ನು ಬೇರೆ ಲೇಖನ ಮಾಡಿ, ಖಂಡಿತ ಓದುತ್ತೇನೆ. ನಮ್ಮ ದೇಶದ ನಂಟು ಬೇಕೇ ಬೇಕು ಎಂದಿದ್ದರೆ, 1954ರ ಏಪ್ರಿಲ್‌ನಲ್ಲಿ ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಕೇಳಿದ್ದನ್ನು ಒಂದು ಸಾಲಿನಲ್ಲಿ ಹೇಳಿ. ಈಜುಡುಗೆಯ ಆರಂಭವೂ ಬೇಡ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಕೊನೆಯ ‘ಓ ಮಾನವಾ, ಎಚ್ಚರಗೊಳ್ಳು’ ಅಂತೂ ಸುಮ್ನೆ ಹೊಡೆದುಹಾಕಿ.

ಸಾವಿರ ಪದದೊಳಗೆ ಮುಗಿಸಿ, ಮುಂದಿನ ತಿಂಗಳೊಳಗೆ ಕಳಿಸಿ. ಶೀರ್ಷಿಕೆಯಲ್ಲಿ ಕಣ್ಣೀರು ಬೇಡ.